ಮೂವತ್ತು ಕೆಂಜಿಗಗಳ ಸಾಕ್ಷಿ

"ಅಲ್ಲಾಡ್ಬೇಡಿ ಸೋಮಣ್ಣ. ನಿಮ್ಮ ಮಂಡಿ ಪಕ್ಕದಲ್ಲೇ ಒಂದು ರಾಣಿ ಕುಂತದೆ."

ಅಕ್ಷಿತಾ ಇದನ್ನು ಹೇಳಿದಾಗ ನಾನು ಕರಿಘಟ್ಟದ ಮೆಟ್ಟಿಲ ಪಕ್ಕದ ಇಳಿಜಾರಿನಲ್ಲಿ ಪಂಚೆ ಎತ್ತಿ ಕಟ್ಟಿ ಅಂಬೆಗಾಲಿಡುತ್ತಿದ್ದೆ. ವಯಸ್ಸು ಐವತ್ತಮೂರು. ಶ್ರೀರಂಗಪಟ್ಟಣದಲ್ಲಿ ಇಪ್ಪತ್ತೆಂಟು ವರ್ಷ ವಕೀಲರ ಗುಮಾಸ್ತನಾಗಿ ಓಡಾಡಿ ಅಷ್ಟಿಷ್ಟು ಮರ್ಯಾದೆ ಸಂಪಾದಿಸಿದ್ದೆ. ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅದೆಲ್ಲ ಗುಡ್ಡದ ಮಣ್ಣಿಗೆ ಸೇರಿತು.

ದೇವರ ದರ್ಶನಕ್ಕೆ ಹೊರಟಿದ್ದ ಹೆಂಗಸೊಬ್ಬಳು ಮೆಟ್ಟಿಲ ಮೇಲೆ ನಿಂತಳು.

"ಏನ್ ಕಳ್ಕಂಡ್ರಿ ಸ್ವಾಮಿ?"

"ಮಾನ ಕಣವ್ವ. ಸಿಕ್ಕುದ್ರೆ ಕೊಡು."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಮೇಲೆ ಹೋದಳು. ನಾನು ಬಗ್ಗಿ ನೋಡಿದೆ. ಭತ್ತದ ಕಾಳಿನಷ್ಟು ಉದ್ದದ ಕೆಂಪು ಇರುವೆ, ನಾಲ್ಕು ರೆಕ್ಕೆ. ಹಿಂಗಾಲಿನಿಂದ ತನ್ನ ರೆಕ್ಕೆಯನ್ನು ತಾನೇ ಒತ್ತಿ ಮುರಿಯುತ್ತಿತ್ತು. ಒಂದು ಉದುರಿತು. ಹಿಂದೆಯೇ ಇನ್ನೊಂದು. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದಂತೆ ನಾಲ್ಕೂ ಮಣ್ಣಿನ ಮೇಲೆ ಬಿದ್ದವು. ಆಮೇಲೆ ರಾಣಿ ಏನೂ ಆಗಿಲ್ಲವೆನ್ನುವಂತೆ ಬಿರುಕು ಹುಡುಕಿಕೊಂಡು ಓಡತೊಡಗಿತು.

"ಈಗ ಇಡೀರಿ," ಅಂದಳು ಅಕ್ಷಿತಾ. "ರೆಕ್ಕೆ ಉದುರುಸ್ಕಂಡ್ರೆ ಮೇಲೆ ಗಂಡಿನ ಜತೆ ಕೂಡಿ ಇಳಿದದೆ ಅಂತ. ರೆಕ್ಕೆ ಇರೋವು ಬ್ಯಾಡ, ಅವುಗ್ಳಿಂದ ಸಂಸಾರ ಆಗ್ತದೋ ಇಲ್ವೋ ಯೋಳಕಾಗಲ್ಲ."

ಒದ್ದೆ ಕುಂಚದ ತುದಿಯನ್ನು ರಾಣಿಯ ಬೆನ್ನಿಗೆ ತಾಕಿಸಿದೆ. ಅಂಟಿಕೊಂಡಿತು. ಗಾಜಿನ ನಳಿಕೆಯೊಳಗೆ ಬಿಟ್ಟೆ. ಇಳಿಯಿತು. ಸುಳ್ಳು ಯಾಕೆ ಹೇಳಲಿ, ದೊಡ್ಡ ದೊಡ್ಡ ಮೊಕದ್ದಮೆ ಗೆದ್ದ ದಿನವೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

"ಸಿಕ್ತು ಕಣಮ್ಮ. ನಂದು ಇದು. ಇದುಕ್ಕೆ ಯಾರೂ ಕೈ ಆಕಬೇಡಿ."

"ನಿಮ್ದೇ. ತಳದಲ್ಲಿ ನೀರು, ನೀರಿನ ಮುಂದಕ್ಕೆ ಹತ್ತಿ, ಹತ್ತಿಯಿಂದ ಈಚೆ ರಾಣಿ, ಬಾಯಿಗೆ ಇನ್ನೊಂದು ಹತ್ತಿ. ಮನೇಗೋಗಿ ಕತ್ಲೇಲಿ ಇಡಬೇಕು. ಊಟ ಬ್ಯಾಡ."

"ಊಟ ಇಲ್ದೆ ಬದುಕ್ತದಾ?"

"ಇನ್ಮುಂದೆ ಆರಕಿಲ್ವಲ್ಲ, ರೆಕ್ಕೆ ಆಡ್ಸೋ ಮಾಂಸ ಒಳಗೇ ಉಳ್ಕತದೆ. ಅದುನ್ನೇ ಕರಗುಸ್ಕಂಡು ಮೊಟ್ಟೆ ಇಡ್ತದೆ, ಮರಿಗೂ ಉಣ್ಣುಸ್ತದೆ. ಒಂದು ತಿಂಗಳಿಗೆ ಮೊದಲ್ನೇ ಮಕ್ಳು ಓಡಾಡ್ತವೆ. ಅಲ್ಲೀಗಂಟ ನೀವು ತೆಗೆದು ತೆಗೆದು ನೋಡ್ಬಾರ್ದು. ಗಾಬರಿಯಾದ್ರೆ ತನ್ ಮೊಟ್ಟೆ ತಾನೇ ತಿಂದ್ಬುಡ್ತದೆ."

"ತೆಗೆದು ನೋಡದೆ ಇರೋದು ನನ್ ಜಾಯಮಾನದಲ್ಲೇ ಇಲ್ವಲ್ಲಮ್ಮ."

ಅವಳು ನಕ್ಕಳು. ಹಿಂದಿನ ಸಂಜೆ ಊರಿಗೆ ಬಂದಾಗಿನಿಂದ ಆ ಹುಡುಗಿ ನಕ್ಕಿದ್ದು ನಾನು ಕಂಡಿದ್ದು ಅದೊಂದೇ ಸಲ.

ಹುಲ್ಲೇನಕೊಪ್ಪಲಿನ ಹೊನ್ನಪ್ಪ ತನ್ನ ಮಂಚದ ಮೇಲೆ ಕೆಂಜಿಗ ಕಚ್ಚಿ ಸತ್ತು ಇಪ್ಪತ್ತಮೂರು ದಿನವಾಗಿತ್ತು, ಕೆಂಜಿಗ ಸಾಕುತ್ತಿದ್ದ ಒಂದೇ ಕಾರಣಕ್ಕೆ ಅಕ್ಷಿತಾಳ ಅಣ್ಣ ಕೃಷ್ಣ ಜೈಲಿನಲ್ಲಿದ್ದ, ಮಾರನೇ ದಿನ ಸೋಮವಾರ ಹನ್ನೊಂದು ಗಂಟೆಗೆ ಅವನ ಜಾಮೀನು ಅರ್ಜಿ ನ್ಯಾಯಾಧೀಶರ ಮುಂದೆ ಬರುವುದಿತ್ತು.

ಹೊನ್ನಪ್ಪನ ಮೈಗೆ ಕೆಂಜಿಗ ಆಗುತ್ತಿರಲಿಲ್ಲ. ಹಿಂದೊಮ್ಮೆ ಮೂರೇ ಮೂರು ಕಚ್ಚಿದ್ದಕ್ಕೆ ಮುಖ ಊದಿ, ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದ. ಅವತ್ತಿನಿಂದ ಮಂಚದ ನಾಲ್ಕು ಕಾಲಿಗೂ ನೀರಿನ ಬಟ್ಟಲು. ನಮ್ಮ ಮನೆಗಳಲ್ಲಿ ತಿಂಡಿ ಬೀರುವಿಗೆ ಇಡುವ ಹಾಗೆ. ನೀರು ದಾಟಿ ಇರುವೆ ಮಂಚ ಹತ್ತುವುದಿಲ್ಲ. ಯಾರೋ ತಂದು ಸುರಿದಿದ್ದರು.

ಇರುವೆ ಅಂದರೆ ಕಸ ಅಂತ ಠಾಣೆಯವರು ಗುಡಿಸಿ ಹಾಕುತ್ತಿದ್ದಾಗ, ಅದೇ ಊರಿನವನಾದ ನಾನು ಇನ್ನಿಬ್ಬರು ಊರವರ ಎದುರು ಆ ಮಂಚದಿಂದ ಮೂವತ್ತು ಜೀವಂತ ಕೆಂಜಿಗ ಹಿಡಿದು ನಳಿಕೆಗೆ ತುಂಬಿದ್ದೆ. ಹಾಸಿಗೆಯ ಮಡಿಕೆಯಲ್ಲಿ ಸತ್ತು ಬಿದ್ದಿದ್ದ ದೊಡ್ಡ ಇರುವೆಯನ್ನೂ ಕಾಗದದಲ್ಲಿ ಸುತ್ತಿಟ್ಟಿದ್ದೆ. ಯಾಕೆ ಹಿಡಿದೆ ಅಂತ ನನಗೇ ಗೊತ್ತಿರಲಿಲ್ಲ. ಗುಮಾಸ್ತನ ಅಭ್ಯಾಸ, ಏನನ್ನೂ ಬಿಸಾಕುವುದಿಲ್ಲ.

ಅದರ ಬೆಲೆ ಗೊತ್ತಾಗಿದ್ದು ಶನಿವಾರ ಸಂಜೆ. ಮೈಸೂರಿನಲ್ಲಿ ಓದುತ್ತಿದ್ದ ಅಕ್ಷಿತಾ ಹಾಸ್ಟೆಲ್‌ನಿಂದ ಬಂದವಳೇ ನನ್ನ ಜಗಲಿ ಹತ್ತಿ ಎರಡು ಮಾತು ಹೇಳಿದಳು.

ಮೊದಲನೆಯದು, ಒಂದು ಗೂಡಿನ ಕೆಂಜಿಗ ಇನ್ನೊಂದು ಗೂಡಿನದನ್ನು ಕಂಡರೆ ಸಾಯಿಸುತ್ತದೆ. ತನ್ನ ಗೂಡಿನದಾದರೆ ಮೀಸೆ ತಾಕಿಸಿ ಸುಮ್ಮನಾಗುತ್ತದೆ. ಮಂಚದ ಇರುವೆಗಳನ್ನು ಕೃಷ್ಣನ ಇರುವೆಗಳ ಜೊತೆ ಬಿಟ್ಟು, ಅವು ಕಚ್ಚಾಡಿದರೆ ಸಾಕು, ಕೃಷ್ಣನದಲ್ಲ ಅಂತ ಗೊತ್ತಾಗುತ್ತದೆ. ಇರುವೆ ಬಲ್ಲವರೊಬ್ಬರು ಎದುರಿಗಿದ್ದು ಬರೆದು ಸಹಿ ಹಾಕಿಕೊಟ್ಟರೆ ಅರ್ಜಿಯ ಜೊತೆ ಸೇರಿಸುತ್ತೇನೆ ಅಂತ ನಮ್ಮ ವಕೀಲರೂ ಒಪ್ಪಿದರು.

ಎರಡನೆಯದು, ಕಾಗದದಲ್ಲಿದ್ದ ಸತ್ತ ಇರುವೆ ರಾಣಿ. ಕೊಲೆಗಾರ ತನ್ನ ಗೂಡಿನ ಮಣ್ಣನ್ನು ತಂದು ಸುರಿದಾಗ ಅವನಿಗೇ ತಿಳಿಯದೆ ರಾಣಿಯೂ ಬಂದುಬಿಟ್ಟಿದೆ.

"ರಾಣಿ ಇಲ್ದಿದ್ಮೇಲೆ ಅವನ ಗೂಡು ನಿಧಾನುಕ್ಕೆ ಸಾಯ್ತದೆ," ಅಂದಿದ್ದಳು. "ಅವುನಿಗೆ ಬ್ಯಾರೆ ರಾಣಿ ಬೇಕು. ಒಳ್ಳೆ ಮಳೆ ಬಿದ್ದ ಮಾರನೇ ಬೆಳಿಗ್ಗೆ ಬಿಟ್ರೆ ರಾಣಿ ಸಿಗಕಿಲ್ಲ. ಈ ಕಡೆ ಕೆಂಜಿಗ ಏಳೋದು ಕರಿಘಟ್ಟದಲ್ಲಿ."

"ಕೊಲೆ ಮಾಡ್ದೋನು ಇರುವೆ ಇಡಿಯಕ್ಕೆ ಬತ್ತಾನಾ?"

"ಇರುವೆ ಉಚ್ಚು ಇಡಿದೋರು ಬಂದೇ ಬತ್ತಾರೆ ಸೋಮಣ್ಣ. ನಮ್ಮಣ್ಣನ್ನ ನೋಡಿಲ್ವಾ."

ಆ ಮಾತು ಆಡುತ್ತಿದ್ದಂತೆಯೇ ಮಳೆ ಬಂತು. ಎರಡು ಗಂಟೆ ಹೊತ್ತು ಜೋರಾಗಿ ಸುರಿಯಿತು. ಅದಕ್ಕೇ ನಾವು ಈ ಇಳಿಜಾರಿನಲ್ಲಿದ್ದೆವು. ಕೃಷ್ಣನ ತಾಯಿ ಕುಳ್ಳಮ್ಮ ಮಗನ ಹೆಸರಿನಲ್ಲಿ ಅರ್ಚನೆ ಮಾಡಿಸಲು ಮೇಲೆ ದೇವಸ್ಥಾನಕ್ಕೆ ಹೋಗಿದ್ದಳು. ಮಂಚದ ಇರುವೆಗಳ ನಳಿಕೆ ಅವಳ ಕೈಚೀಲದಲ್ಲೇ ಇತ್ತು. ಇಪ್ಪತ್ತಮೂರು ದಿನ ಅದನ್ನು ನೋಡಿಕೊಂಡವಳು ಅವಳೇ. ಅವಳ ಕೈಗೆ ಕೊಡುವಾಗ, ನಿನ್ನ ಮಗನ ಜೀವ ಇದರಲ್ಲೇ ಇದೆ ಅಂತ ಧೈರ್ಯಕ್ಕೊಂದು ಮಾತು ಆಡಿದ್ದೆ.

ಒಂಬತ್ತೂವರೆಗೆ ಕಾಜಾಣಗಳು ಬಂದವು. ಕಾಜಾಣ ಗಾಳಿಯಲ್ಲಿ ಲಾಗ ಹಾಕುತ್ತಿದ್ದರೆ ಇರುವೆ ಎದ್ದಿದೆ ಅಂತ ತಿಳಿಯಬೇಕಂತೆ. ಹುಲ್ಲಿನ ಬುಡದಿಂದ ರೆಕ್ಕೆ ಇರುವೆಗಳು ಹೊಗೆಯ ಹಾಗೆ ಮೇಲೇಳುತ್ತಿದ್ದವು. ಅಕ್ಷಿತಾ ಎರಡು ಕೈಯಲ್ಲೂ ಹಿಡಿಯುತ್ತಿದ್ದಳು. ನಾನು ಆರು ಹಿಡಿದೆ. ಏಳನೆಯದಕ್ಕೆ ಹೋಗಿ ಗೂಡಿನ ಬಾಯಿಗೇ ಕೈ ಊರಿ, ಆಳು ಕೆಂಜಿಗಗಳಿಂದ ಹನ್ನೆರಡು ಕಡೆ ಕಚ್ಚಿಸಿಕೊಂಡೆ. ಹತ್ತು ಎಣಿಸುವಷ್ಟರಲ್ಲಿ ಕೈ ಕೆಂಪಗೆ ಗಂಧೆ ಎದ್ದಿತ್ತು. ಆ ಉರಿ ನನ್ನ ವೈರಿಗೂ ಬೇಡ.

ಕೈ ಒದರುತ್ತಾ ತಲೆ ಎತ್ತಿದಾಗಲೇ ನಾನು ಅವರನ್ನು ಕಂಡಿದ್ದು.

ನಮ್ಮಿಂದ ಹತ್ತು ಮಾರು ಕೆಳಗೆ, ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ ಮುದುಕರೊಬ್ಬರು ಬಗ್ಗಿದ್ದರು. ಎಡಗೈಯಲ್ಲಿ ನಳಿಕೆ, ಬಲಗೈಯಲ್ಲಿ ಕುಂಚ. ಬಗ್ಗಿ, ತಾಕಿಸಿ, ಬಿಟ್ಟು, ಹತ್ತಿ ಒತ್ತಿ, ಮತ್ತೆ ಬಗ್ಗುತ್ತಿದ್ದರು. ರೆಕ್ಕೆ ಇದ್ದವುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಪಾಂಡವಪುರದ ಮಹದೇವಸ್ವಾಮಿ ಮೇಷ್ಟ್ರು. ಕೃಷ್ಣನಿಗೆ ಇರುವೆಯ ಹುಚ್ಚು ಹತ್ತಿಸಿದವರೇ ಅವರು. ಹೋದ ವಾರ ನಾನು ಅವರ ಮನೆಗೆ ಹೋಗಿ ಬಾಗಿಲಲ್ಲೇ ಮಾತಾಡಿಸಿದಾಗ, "ಇರುವೆ ಸಾಕೋದು ಬಿಟ್ಟು ಹತ್ತು ವರ್ಷ ಆಯ್ತು ಸೋಮಯ್ಯ. ಕಣ್ಣು ಕಾಣಲ್ಲ," ಅಂದಿದ್ದರು. ಇವತ್ತು ಕಣ್ಣು ಚೆನ್ನಾಗಿ ಕಾಣುತ್ತಿತ್ತು.

ಸಾಲದ್ದಕ್ಕೆ ಹೊನ್ನಪ್ಪ ಶಾಲೆಯ ಕಮಿಟಿ ಅಧ್ಯಕ್ಷನಾಗಿದ್ದಾಗ, ನಿವೃತ್ತಿಗೆ ಇನ್ನೂ ಎರಡು ವರ್ಷವಿದ್ದ ಇವರನ್ನು ಮಕ್ಕಳೆದುರೇ ಅವಮಾನ ಮಾಡಿ ಮನೆಗೆ ಕಳಿಸಿದ್ದ. ಅದು ತಾಲ್ಲೂಕಿಗೇ ಗೊತ್ತಿದ್ದ ಕಥೆ.

ನನ್ನ ಕೈಯ ಉರಿ ಮರೆತೇ ಹೋಯಿತು. ನೇರ ಹೋಗಿ ಎದುರಿಗೆ ನಿಂತೆ.

"ಏನ್ ಮೇಷ್ಟ್ರೇ, ಕಣ್ಣು ಬಂತಾ?"

ಮೇಷ್ಟ್ರು ಬೆಚ್ಚಲಿಲ್ಲ. ನಳಿಕೆಗೆ ಹತ್ತಿ ಒತ್ತಿ ಮುಗಿಸಿ, ಜೇಬಿಗಿಟ್ಟುಕೊಂಡು, ಆಮೇಲೆ ನನ್ನತ್ತ ನೋಡಿದರು.

"ನೀವು ಪೊಲೀಸರ ಹಾಗೆ ಕೇಳೋಕೆ ಬಂದ್ರಿ, ಅದಕ್ಕೇ ಸುಳ್ಳು ಹೇಳಿದೆ. ಇರುವೆ ಸಾಕೋರನ್ನೆಲ್ಲ ಜೈಲಿಗೆ ಹಾಕೋ ಕಾಲ ಇದು. ನನ್ನ ವಯಸ್ಸಿಗೆ ಜೈಲು ತಡೆಯೋದಿಲ್ಲ."

ಉತ್ತರ ಚೆನ್ನಾಗಿತ್ತು. ನನಗೆ ಸಿಟ್ಟು ಬಂದಿದ್ದೇ ಅದಕ್ಕೆ.

"ನಿಮ್ಮನೇಲಿ ಕೆಂಜಿಗ ಅವ್ಯಾ?"

"ಇವೆ. ಏಳು ವರ್ಷದ ಗೂಡು."

"ರಾಣಿ ಅದಾ?"

ಒಂದು ಗಳಿಗೆ ತಡೆದರು. ಒಂದೇ ಗಳಿಗೆ. "ರಾಣಿ ಇಲ್ಲದೆ ಗೂಡು ಇರುತ್ತಾ ಸೋಮಯ್ಯ? ಬನ್ನಿ, ಮನೆಗೇ ಬನ್ನಿ. ಏನು ಪರೀಕ್ಷೆ ಮಾಡ್ತೀರೋ ಮಾಡಿ. ಕೃಷ್ಣ ನನ್ನ ಶಿಷ್ಯ. ಅವನಿಗೆ ಒಳ್ಳೇದಾಗೋದಾದ್ರೆ ನಾನೇ ಬರೆದುಕೊಡ್ತೀನಿ."

ಸುತ್ತಿನಲ್ಲಿ ಇರುವೆ ಬಲ್ಲ ಸಾಕ್ಷಿ ಇವರೊಬ್ಬರೇ. ಅನುಮಾನ ಇದ್ದಿದ್ದೂ ಇವರೊಬ್ಬರ ಮೇಲೇ. ಎರಡೂ ಕೆಲಸ ಒಂದೇ ಏಟಿಗೆ ಆಗುತ್ತದೆ ಅಂತ ನಾನು ಒಳಗೊಳಗೇ ಕುಣಿದೆ.

ಕುಳ್ಳಮ್ಮ ಮೆಟ್ಟಿಲಿಳಿದು ಬಂದು ನಮ್ಮೆಲ್ಲರ ಕೈಗೂ ಪ್ರಸಾದ ಕೊಟ್ಟಳು, ಮೇಷ್ಟ್ರಿಗೂ. ಪಾಂಡವಪುರದ ಬಸ್ಸಿನಲ್ಲಿ ನಾವು ನಾಲ್ವರೂ ಒಂದೇ ಕಡೆ ಕೂತೆವು. ಕೊಲೆಗಾರ ಅಂತ ನಾನು ತೊಂಬತ್ತು ಪಾಲು ನಂಬಿದ್ದ ಮನುಷ್ಯನ ಮಂಡಿನೋವಿಗೆ ಕುಳ್ಳಮ್ಮ ಎಕ್ಕದೆಲೆ ಬಿಸಿ ಮಾಡಿ ಕಟ್ಟಿಕೊಳ್ಳಲು ಹೇಳಿಕೊಡುತ್ತಿದ್ದಳು.

"ಅಮ್ಮ ಯಾಕೋ ನೆನ್ನೆಯಿಂದ ಸರೀಗಿಲ್ಲ," ಅಂದಳು ಅಕ್ಷಿತಾ ನನ್ನ ಕಿವಿಯಲ್ಲಿ. "ನಳಿಕೆ ಮುಟ್ಟಕ್ಕೇ ಬುಡ್ತಿಲ್ಲ."

"ಮಗ ಜೈಲಲ್ಲವ್ನೆ. ಇನ್ನೆಂಗಿರ್ತಾಳೆ?" ಅಂದೆ. ನಾನು ಎಂಥ ಪತ್ತೇದಾರ ನೋಡಿ.

ಮೇಷ್ಟ್ರ ಮನೆಯಲ್ಲಿ ಅವರೊಬ್ಬರೇ. ಹಿಂದಿನ ಕೋಣೆಯ ಮೇಜಿನ ಮೇಲೆ ಆಳೆತ್ತರದ ಕಿಟಕಿಯ ಬೆಳಕಿನಲ್ಲಿ ದೊಡ್ಡ ಗಾಜಿನ ತೊಟ್ಟಿ. ಮೇಜಿನ ಕಾಲಿಗೆ ನೀರಿನ ಬಟ್ಟಲು. ಇರುವೆ ಹತ್ತದಿರಲಿ ಅಂತ ತೊಟ್ಟಿಯ ಅಂಚಿಗೆ ಮುಖಕ್ಕೆ ಹಚ್ಚುವ ಪೌಡರು. ಒಳಗೆ ಸಾವಿರಾರು ಕೆಂಜಿಗ. ಗೋಡೆಯ ಹಲಗೆಯ ಮೇಲೆ ಕಪ್ಪು ಬಟ್ಟೆ ಮುಚ್ಚಿದ ಖಾಲಿ ನಳಿಕೆಗಳ ಸಾಲು. ಮೇಷ್ಟ್ರು ಜೇಬಿನಿಂದ ಹೊಸ ರಾಣಿಯರನ್ನು ತೆಗೆದು ಒಂದೊಂದಾಗಿ ಅಲ್ಲಿ ಮಲಗಿಸಿದರು. ಹಸುಗೂಸು ಮಲಗಿಸುವಷ್ಟು ಜೋಪಾನ.

ಅಕ್ಷಿತಾ ತೊಟ್ಟಿಗೆ ಮೂಗು ತಾಗಿಸಿ ನಿಂತಿದ್ದಳು.

"ಸಾರ್, ಮರಿ ಎಲ್ಲಿ?"

"ಏನಮ್ಮ?"

"ಮೊಟ್ಟೆ ಇಲ್ಲ. ಮರಿ ಇಲ್ಲ. ಈ ತಿಂಗಳಲ್ಲಿ ಗೂಡಿನ ತುಂಬ ಬಿಳೀಗೆ ಇರಬೇಕು."

"ರಾಣಿ ಕೆಳಗೆ ಮಣ್ಣಲ್ಲಿದ್ದಾಳೆ. ಮರೀನೂ ಅಲ್ಲೇ. ಬಿಸಿಲು ಜಾಸ್ತಿ ಆಯ್ತಲ್ಲ." ಮೇಷ್ಟ್ರ ದನಿ ಬದಲಾಗಲಿಲ್ಲ. "ಪರೀಕ್ಷೆ ಮಾಡಿ, ಹೊತ್ತಾಗುತ್ತೆ."

ಬಿಳೀ ಪಿಂಗಾಣಿ ತಟ್ಟೆಯ ಅಂಚಿಗೆ ಪೌಡರು ಸವರಿ, ತೊಟ್ಟಿಯಿಂದ ಐದು ಕೆಂಜಿಗ ಇಳಿಸಿದರು. ನಾನು ಕುಳ್ಳಮ್ಮನ ಕಡೆ ಕೈ ಚಾಚಿದೆ. ಅವಳು ಚೀಲದಿಂದ ನಳಿಕೆ ತೆಗೆದು ಕೊಟ್ಟಳು. ಕೊಡುವಾಗ ಕೈ ಒದ್ದೆಯಾಗಿತ್ತು. ಎಣಿಸಿದೆ, ಮೂವತ್ತು. ಇಪ್ಪತ್ತಮೂರು ದಿನವಾದರೂ ಒಂದೂ ಸತ್ತಿಲ್ಲ ಅಂತ ಮೇಷ್ಟ್ರ ಮುಂದೆ ಜಂಬ ಬೇರೆ ಕೊಚ್ಚಿದೆ.

ಅದರಲ್ಲಿ ಮೂರನ್ನು ತಟ್ಟೆಗೆ ಬಿಟ್ಟೆ. ಕಚ್ಚಾಡಬಾರದು, ಮೀಸೆ ತಾಕಿಸಬೇಕು, ಅಷ್ಟಾದರೆ ಮೇಷ್ಟ್ರು ಮುಗಿದರು.

ಎರಡು ಇರುವೆ ಎದುರಾದವು. ಒಂದು ಇನ್ನೊಂದರ ಕಾಲು ಹಿಡಿಯಿತು. ಹೊಟ್ಟೆ ಮಡಚಿ ಕುಟುಕಿತು. ಅರೆ ನಿಮಿಷದಲ್ಲಿ ಎಂಟೂ ಉಂಡೆಯಾಗಿ ಹೊರಳಾಡುತ್ತಿದ್ದವು. ನಾನು ಬಿಟ್ಟ ಮೂರೂ ಸತ್ತವು.

ಬೇರೆ ಬೇರೆ ಗೂಡು. ನನ್ನ ಮುಖಕ್ಕೆ ಯಾರೋ ನೀರೆರಚಿದಂತಾಯಿತು.

"ನನ್ನ ಮೇಲೆ ಅನುಮಾನ ಇತ್ತು ಅಲ್ವಾ ಸೋಮಯ್ಯ?" ಮೇಷ್ಟ್ರು ನಗಲಿಲ್ಲ. "ಪರವಾಗಿಲ್ಲ. ಇನ್ನು ಕೃಷ್ಣನ ಇರುವೆ ಬಿಡಿ. ಅದೂ ಕಚ್ಚಾಡುತ್ತೆ, ನಾನು ಬರೆದುಕೊಡ್ತೀನಿ, ಹುಡುಗ ಬರ್ತಾನೆ."

ಸರಿ, ಕೊಲೆಗಾರ ಸಿಗದಿದ್ದರೆ ಬೇಡ, ಕೃಷ್ಣ ಬರಲಿ. ನಾನು ನಾಚಿಕೆಯನ್ನು ನುಂಗಿಕೊಂಡು ಕ್ಷಮೆ ಕೇಳಿದೆ. ಅಕ್ಷಿತಾ ಬೆಳಿಗ್ಗೆ ಅಣ್ಣನ ಗೂಡಿನಿಂದ ಬೆಂಕಿಪೊಟ್ಟಣದಲ್ಲಿ ಹತ್ತು ಕೆಂಜಿಗ ತಂದಿದ್ದಳು. ಇನ್ನೊಂದು ತಟ್ಟೆಗೆ ಅವನ್ನು ಬಿಟ್ಟು, ಪಕ್ಕಕ್ಕೆ ನಳಿಕೆಯಿಂದ ಐದನ್ನು ಬಿಟ್ಟಳು. ಮೇಷ್ಟ್ರು ಕಾಗದ, ಪೆನ್ನು ಹಿಡಿದು ಬಗ್ಗಿದರು.

ಎದುರಾದವು. ಮೀಸೆ ತಾಕಿಸಿದವು.

ಸುಮ್ಮನಾದವು. ಒಂದು ಇನ್ನೊಂದರ ಬಾಯಿಗೆ ಬಾಯಿಟ್ಟು ಎಂಜಲುಣಿಸಿತು.

ಕಾಯುತ್ತಲೇ ಇದ್ದೆವು. ಐದು ನಿಮಿಷವಾಯಿತು. ಹದಿನೈದೂ ಒಂದೇ ಮನೆಯ ಮಕ್ಕಳ ಹಾಗೆ ತಟ್ಟೆಯ ನಡುವೆ ಗುಂಪು ಕೂಡಿದವು. ಪೆನ್ನು ಕಾಗದದ ಮೇಲೆ ಓಡುವ ಸದ್ದು ಮಾತ್ರ ಕೇಳುತ್ತಿತ್ತು.

"ಸೋಮಣ್ಣ," ಅಂದಳು ಅಕ್ಷಿತಾ. "ನಮ್ಮಣ್ಣ ಮಾಡಿಲ್ಲ."

ಮೇಷ್ಟ್ರು ಸಹಿ ಹಾಕಿ, ತಾರೀಖು ಬರೆದು, ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು.

"ಕಂಡಿದ್ದನ್ನ ಕಂಡ ಹಾಗೆ ಬರೆದಿದ್ದೀನಿ. ಇದನ್ನ ನಿಮ್ಮ ಕೈಗೆ ಕೊಟ್ರೆ ಕೋರ್ಟು ಮುಟ್ಟಲ್ಲ. ನಾಳೆ ನಾನೇ ತರ್ತೀನಿ."

ಹುಡುಗನನ್ನು ಬಿಡಿಸುತ್ತೇನೆ ಅಂತ ಹೊರಟು, ಅವನ ಕುತ್ತಿಗೆಗೆ ನಾನೇ ಹಗ್ಗ ತಂದಿದ್ದೆ. ಅದೂ ಸಾಕ್ಷಿ ಸಹಿ ಸಮೇತ.

ಆಗ ಕುಳ್ಳಮ್ಮ ಮಾತಾಡಿದಳು. ಅಲ್ಲಿಯವರೆಗೆ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದವಳು ಗೋಡೆ ಹಿಡಿದು ಎದ್ದಳು.

"ಅವು ಮಂಚುದ್ ಇರುವೆ ಅಲ್ಲ ಕಣಪ್ಪ."

"ಏನಂದ್ಯಮ್ಮ?"

"ಮಂಚುದ್ವು ಸತ್ತೋದ್ವು. ಶುಕ್ರವಾರ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳುತ್ತಾ ಹೋದಳು.

"ನನ್ ಮಗುನ್ ಜೀವ ಆ ಗಾಜ್ನಾಗೆ ಅದೆ ಅಂತ ನೀನೇ ಯೋಳಿದ್ದಲ್ಲ. ಇನ್ನ ಮೂರೇ ದಿನ ಅಂತ, ಶುಕ್ರವಾರ ದೇವ್ರ ಮುಂದೆ ಮಡಗಿ ಪೂಜೆ ಮಾಡ್ದೆ. ಅರಿಶ್ನ ಕಲಸಿ ಹಚ್ಚಿ ಕುಂಕುಮ ಇಟ್ಟೆ. ಹತ್ತಿಗೂ ಒಂಚೂರು ಹಚ್ಚುದೆ. ಅರಿಶ್ನುದ್ ನೀರು ಒಳೀಕೆ ಇಳ್ಕತ್ತು. ಬೆಳಿಗ್ಗೆ ಎದ್ದು ನೋಡುದ್ರೆ ಎಲ್ಲಾ ಕಾಲು ಮುದುರ್ಕಂಡು ಬಿದ್ದಿದ್ವು."

"ಅಮ್ಮ," ಅಂದಳು ಅಕ್ಷಿತಾ.

"ನೀ ಬತ್ತೀಯ ಅಂತ ಎದ್ರುಕಂಡೆ. ನಳಿಕೆ ತೊಳದು, ನಿಮ್ಮಣ್ಣನ್ ತೊಟ್ಟೀಯಿಂದ ಎಣ್ಸಿ ಮೂವತ್ತು ತುಂಬ್ಬುಟ್ಟೆ. ಇರುವೆ ಎಲ್ಲಾ ಒಂದೇ ಅಂದ್ಕಂಡೆ ಕಣಪ್ಪ. ಒಂದು ಸತ್ರೆ ಇನ್ನೊಂದು ಆಗ್ತದೆ ಅಂದ್ಕಂಡೆ."

ಇರುವೆ ಬರದಿರಲಿ ಅಂತ ನಮ್ಮ ಹೆಂಗಸರು ಅಡುಗೆಮನೆಯ ಗೋಡೆಯಂಚಿಗೆ ಅರಿಶಿನ ಉದುರಿಸುತ್ತಾರೆ. ಕುಳ್ಳಮ್ಮನೂ ನಲವತ್ತು ವರ್ಷ ಉದುರಿಸಿದವಳೇ. ದೇವರ ಮುಂದೆ ಇಟ್ಟ ಮೇಲೆ ಅದು ಇರುವೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಬೈಯಲು ಬಾಯಿ ತೆರೆದೆ. ಬೈಯಲಾಗಲಿಲ್ಲ.

ಯಾಕೆಂದರೆ ಲೆಕ್ಕ ತಲೆ ಕೆಳಗಾಗಿತ್ತು. ನಳಿಕೆಯಲ್ಲಿದ್ದವು ಕೃಷ್ಣನ ಇರುವೆಗಳು. ಅವು ಕೃಷ್ಣನ ಇರುವೆಗಳ ಜೊತೆ ಕೂಡದೆ ಇನ್ನೇನು ಮಾಡುತ್ತವೆ? ಮೇಷ್ಟ್ರ ಇರುವೆಗಳ ಜೊತೆ ಕಚ್ಚಾಡದೆ ಇನ್ನೇನು ಮಾಡುತ್ತವೆ? ಎರಡು ಪರೀಕ್ಷೆಯೂ ಸುಳ್ಳು. ಮೇಷ್ಟ್ರು ಪಾರಾಗಿರಲಿಲ್ಲ.

"ಕೋರ್ಟಲ್ಲಿ ಈ ಕಥೆ ಹೇಳಿ ನೋಡಿ," ಅಂದರು ಮೇಷ್ಟ್ರು. ಮೊದಲ ಸಲ ಅವರ ದನಿ ಸ್ವಲ್ಪ ಅವಸರದಲ್ಲಿತ್ತು. "ಮಗನ್ನ ಉಳಿಸೋಕೆ ತಾಯಿ ಏನು ಬೇಕಾದ್ರೂ ಹೇಳ್ತಾಳೆ. ಮಂಚದ ಇರುವೆ ಈಗ ಇಲ್ಲವಲ್ಲ."

"ಒಂದದೆ," ಅಂದಳು ಕುಳ್ಳಮ್ಮ.

ಎಲೆಯಡಿಕೆ ಸಂಚಿಯ ಒಳಗಿಂದ ಚಿಕ್ಕ ಕುಂಕುಮದ ಡಬ್ಬಿ ತೆಗೆದಳು. ತೊಳೆದು ಒಣಗಿಸಿದ ಡಬ್ಬಿ. ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿದ್ದಳು. ಒಳಗೆ ಒಂದು ಚೂರು ಬೆಲ್ಲ, ಒದ್ದೆ ಹತ್ತಿ, ಅದರ ಮೇಲೆ ಒಂದೇ ಒಂದು ಕೆಂಜಿಗ.

"ಇದೊಂದು ಉಸುರಾಡ್ತಿತ್ತು. ಬಿಸಾಕಕ್ಕೆ ಮನಸು ಬರ್ಲಿಲ್ಲ. ಯೋಳಕ್ಕೆ ಧೈರ್ಯನೂ ಬರ್ಲಿಲ್ಲ."

ಅಕ್ಷಿತಾ ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಕೆಂಜಿಗ ಓಡಾಡುತ್ತಿತ್ತು. ಕಾಲ ಸಂದಿಯಲ್ಲಿ ಇನ್ನೂ ಅರಿಶಿನದ ಹಳದಿ ಇತ್ತು. ಅದೊಂದೇ ಸಾಕು. ಕೃಷ್ಣನ ಇರುವೆಗಳ ತಟ್ಟೆಯಲ್ಲಿ ಕಚ್ಚಾಟವಾದರೆ ಕೃಷ್ಣ ಹೊರಗೆ. ಮೇಷ್ಟ್ರ ತಟ್ಟೆಯಲ್ಲಿ ಆಗದಿದ್ದರೆ ಮೇಷ್ಟ್ರು ಒಳಗೆ. ಆದರೆ ಕಚ್ಚಾಟಕ್ಕೆ ಬಿಟ್ಟರೆ ಅದು ಬದುಕಿ ಬರುವುದಿಲ್ಲ. ಮೊದಲು ಮೇಷ್ಟ್ರ ತಟ್ಟೆಗೇ ಬಿಡಬೇಕು.

"ಮೇಷ್ಟ್ರೇ," ಅಂದೆ. "ನಿಮ್ಮ ಐದೂ ಇನ್ನೂ ತಟ್ಟೇಲವೆ. ಇದುನ್ನ ಬುಡ್ತೀನಿ. ನೀವೂ ನೋಡಿ."

"ಬಿಡಿ. ನನಗೇನು ಭಯ?" ಅವರು ಹತ್ತಿರ ಬಂದರು. "ಆದ್ರೆ ನೀವು ಬಿಡಬೇಡಿ, ನಿಮ್ಮ ಕೈ ನಡುಗ್ತಿದೆ. ಕಾಲು ಮುರಿದ್ರೆ ಪರೀಕ್ಷೆ ಕೆಡುತ್ತೆ. ಕೊಡಿ ಇಲ್ಲಿ."

ಕೈ ನಿಜವಾಗಿ ನಡುಗುತ್ತಿತ್ತು. ಊದಿತ್ತು ಕೂಡ. ಬೆಳಿಗ್ಗೆ ಗುಡ್ಡದಲ್ಲಿ ಅವರ ಕೈಚಳಕ ನೋಡಿದ್ದ ನಾನು ಯೋಚನೆ ಮಾಡಲಿಲ್ಲ.

ಡಬ್ಬಿ ಕೊಟ್ಟೆ.

"ಬ್ಯಾಡ," ಅಂದಳು ಅಕ್ಷಿತಾ. ತಡವಾಗಿತ್ತು.

ಮೇಷ್ಟ್ರು ಕುಂಚದ ತುದಿಗೆ ಕೆಂಜಿಗವನ್ನು ಹತ್ತಿಸಿಕೊಂಡು ತಟ್ಟೆಯ ಮೇಲೆ ಹಿಡಿದರು. ಅದು ಕೆಳಗಿಳಿಯಲಿಲ್ಲ. ಕುಂಚದ ಕಡ್ಡಿಯುದ್ದಕ್ಕೂ ಮೇಲೋಡಿ ಅವರ ಹೆಬ್ಬೆರಳು ಹತ್ತಿತು. ತಟ್ಟೆಯಲ್ಲಿದ್ದ ಐದೂ ಕುಂಚದ ಕೆಳಗೆ ಬಂದು ನಿಂತಿದ್ದವು. ಮೀಸೆ ಮೇಲೆತ್ತಿದ್ದವು. ಒಂದೂ ಬಾಯಿ ತೆರೆದಿರಲಿಲ್ಲ.

ಮೇಷ್ಟ್ರೂ ಅದನ್ನು ನೋಡಿದರು. ತೋರುಬೆರಳನ್ನು ತಂದು ಹೆಬ್ಬೆರಳಿನ ಮೇಲಿಟ್ಟು ಒತ್ತಿದರು. ಮೆಲ್ಲಗೆ, ಎರಡು ಸಲ ಉಜ್ಜಿದರು.

"ಕಚ್ಚಿಬಿಡ್ತು," ಅಂದರು. "ಅಭ್ಯಾಸಬಲ. ಒಂದು ಇರುವೆ ತಾನೇ, ಇನ್ನೊಂದು ಹಿಡ್ಕೊಳ್ಳಿ."

ನಾನು ಅವರ ಮಣಿಕಟ್ಟು ಹಿಡಿದು ಕಿಟಕಿಯ ಬೆಳಕಿಗೆ ಎಳೆದೆ. ಹೆಬ್ಬೆರಳ ಮೇಲೆ ಕಣ್ಣು ನೆಟ್ಟು ಎಣಿಸತೊಡಗಿದೆ. ಹತ್ತಾಯಿತು. ಇಪ್ಪತ್ತಾಯಿತು. ಅರವತ್ತರವರೆಗೆ ಎಣಿಸಿದೆ. ಕೆಂಪು ಗುರುತು ಏಳಲಿಲ್ಲ. ಕೆಂಜಿಗ ಕಚ್ಚಿರಲೇ ಇಲ್ಲ.

ಮೇಷ್ಟ್ರು ಕೈ ಬಿಡಿಸಿಕೊಳ್ಳಲು ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ಇನ್ನೊಂದು ಕೈಯಿಂದ ಜೇಬಿನಲ್ಲಿದ್ದ ಕಾಗದವನ್ನು ಸರಿಮಾಡಿಕೊಂಡರು.

"ಸೋಮಣ್ಣ," ಕುಳ್ಳಮ್ಮ ಖಾಲಿ ಡಬ್ಬಿಯನ್ನು ಮೇಜಿನ ಮೇಲಿಂದ ಎತ್ತಿಕೊಳ್ಳುತ್ತಾ ಕೇಳಿದಳು, "ನಾಳೀಕೆ ನನ್ ಮಗುನ್ನ ಬುಡ್ತಾರಾ, ಬುಡಕಿಲ್ವಾ?"

ಹಿಡಿದ ಕೈಯನ್ನು ನಾನು ಬಿಡಲಿಲ್ಲ. ನನ್ನ ಬೆನ್ನ ಹಿಂದೆ ಅಕ್ಷಿತಾ ಬಾಗಿಲು ಮುಚ್ಚಿ ಚಿಲಕ ಹಾಕಿ, ರಾಣಿ ಇಲ್ಲದ ಆ ತೊಟ್ಟಿಗೆ ಕಾವಲು ನಿಂತಳು.